ಗುಡುಗಣ್ಣ ಮೀನು ಸಾಕಿದ್ದು

ಗುಡುಗಣ್ಣ ಬಾಯಿ ತೆಗೆದರೆ ಬಂದರಿನ ಕಾಗೆಗಳೆಲ್ಲ ಎದ್ದು ಒಂದು ಸುತ್ತು ಹಾರಿ ಮತ್ತೆ ಬಂದು ಕೂರುತ್ತಿದ್ದವು. ದೋಣಿಗಳು ದಡ ಸೇರಿ ಮೀನಿನ ಬುಟ್ಟಿಗಳು ಕಟ್ಟೆ ಏರಿದವೆಂದರೆ ಹರಾಜು ಕೂಗುವುದು ಅವನ ಕೆಲಸ. ಇಂಜಿನ್ನಿನ ಸದ್ದು, ಐಸ್ ಪುಡಿ ಮಾಡುವ ಯಂತ್ರದ ಸದ್ದು, ಲಾರಿಗಳ ಹಾರನ್ನು, ಇವೆಲ್ಲವನ್ನೂ ತುಳಿದುಕೊಂಡು ಹೋಗುವಂಥ ಗಂಟಲು ಅವನದು. ಚಿಕ್ಕ ವಯಸ್ಸಿನಲ್ಲಿ ಬುಟ್ಟಿ ಹೊರಲು ಸೇರಿದವನು, ಒಂದು ದಿನ ಕೂಗುವವನು ಬಾರದಿದ್ದಾಗ ಬುಟ್ಟಿ ಕೆಳಗಿಟ್ಟು ಕೂಗಿದ. ಮತ್ತೆ ಬುಟ್ಟಿ ಎತ್ತಲಿಲ್ಲ.

ಮನೆಗೆ ಬಂದರೂ ಅದೇ ಗಂಟಲು. ಊಟಕ್ಕೆ ಕೂತು ಉಪ್ಪು ಕೇಳಿದರೆ ಎದುರು ಮನೆಯವರು ತಮ್ಮ ಡಬ್ಬಿ ಹುಡುಕಬೇಕು, ಹಾಗಿತ್ತು. ಅವನ ಹೆಂಡತಿ ಶಿಶುವಿಹಾರದಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವವಳು. "ಅಲ್ಲಿ ಅಷ್ಟೊಂದು ಮಕ್ಕಳನ್ನ ಸುಮ್ಮನಿರಿಸಿಬಿಡ್ತೀನಿ, ಮನೇಲಿರೋ ಈ ಒಂದು ಮಗು ಮಾತ್ರ ನನ್ನ ಕೈಗೆ ಬರಲ್ಲ" ಅನ್ನುತ್ತಿದ್ದಳು.

ಅಂಥ ಗಂಟಲು ಒಂದು ಬೆಳಿಗ್ಗೆ ಹರಾಜಿನ ನಡುವೆ ಕೈಕೊಟ್ಟಿತು. ಬಾಯಿ ತೆರೆದಿದೆ, ಕೈ ಮೇಲೆತ್ತಿದೆ, ಸದ್ದಿಲ್ಲ. ಕೊಳ್ಳಲು ಬಂದವರು ಮೊದಲು ತಮಾಷೆ ಅಂದುಕೊಂಡರು. ಡಾಕ್ಟರು ನೋಡಿ, ಕೂಗಿ ಕೂಗಿ ಗಂಟಲಲ್ಲಿ ಗಂಟು ಬಂದಿದೆ, ಹೆದರುವಂಥದ್ದಲ್ಲ, ಆದರೆ ತೆಗೆಯಲೇಬೇಕು ಅಂದರು. ತೆಗೆದದ್ದೂ ಆಯಿತು.

"ಎರಡು ವಾರ ಒಂದು ಮಾತೂ ಕೂಡದು" ಅಂದರು ಡಾಕ್ಟರು. "ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು. ಆಮೇಲೆ ಮೆತ್ತಗೆ ಮಾತಾಡಬಹುದು. ಕೂಗೋದನ್ನ ಮಾತ್ರ ಇನ್ನು ಮರೆತುಬಿಡಿ."

ಗುಡುಗಣ್ಣ ಉತ್ತರ ಕೊಡಲು ಬಾಯಿ ತೆರೆದ. ಹೆಂಡತಿ ಅಂಗೈಯಿಂದ ಆ ಬಾಯಿ ಮುಚ್ಚಿದಳು. ಅವಳ ಎಷ್ಟೋ ವರ್ಷಗಳ ಆಸೆ ಅಂದು ಈಡೇರಿತು ಅಂತ ಮಗಳು ಆಮೇಲೆ ನಗುತ್ತ ಹೇಳುತ್ತಿದ್ದಳು.

ಮನೆಯಲ್ಲಿ ಅವನದು ಕುಂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಮಾತಿನ ಬದಲು ಹರಾಜಿನ ಕೈಸನ್ನೆ ಶುರುವಾಯಿತು. ಎರಡು ಬೆರಳೆತ್ತಿ ಕಿವಿ ಮುಟ್ಟಿಕೊಂಡು ತೋಳು ಬೀಸುತ್ತಿದ್ದ. ಹೆಂಡತಿ ಒಲೆ ಮುಂದೆ ನಿಂತು ಸೊಂಟಕ್ಕೆ ಕೈಯಿಟ್ಟು ಕೇಳುತ್ತಿದ್ದಳು: "ರೀ, ನೀವೀಗ ಕಾಫಿ ಕೇಳಿದ್ರೋ, ಎರಡು ಬುಟ್ಟಿ ಬಂಗುಡೆ ಮಾರಿದ್ರೋ?"

ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅಪ್ಪ ಹಜಾರದಲ್ಲಿ ಗೋಡೆಯಿಂದ ಗೋಡೆಗೆ ತಿರುಗುವುದನ್ನು ನೋಡಲಾರದೆ, "ಬಾಪ್ಪ ನನ್ ಜೊತೆ, ಪೇಟೆ ಗಾಳಿನಾದ್ರೂ ಕುಡಿ" ಅಂತ ಒಂದು ದಿನ ಎಳೆದುಕೊಂಡು ಹೋದಳು. ಅವಳ ಅಂಗಡಿಯ ಪಕ್ಕದಲ್ಲೇ ಸಾಕುಮೀನಿನ ಅಂಗಡಿ. ನಡೆಸುವಾಕೆ ವರ್ಷವಿಡೀ ಮೊಣಕಾಲವರೆಗಿನ ರಬ್ಬರ್ ಬೂಟು ತೊಟ್ಟಿರುತ್ತಿದ್ದರಿಂದ ಬೀದಿಗೆಲ್ಲ ಬೂಟಿನಕ್ಕ. ಒಳಗೆ ಹೋದರೆ ಮಂದ ಬೆಳಕು, ಪಂಪುಗಳ ಗುಳುಗುಳು, ಒದ್ದೆ ನೆಲ. ಮಗಳು ಬೂಟಿನಕ್ಕನ ಜೊತೆ ಮಾತಿಗೆ ನಿಂತಳು. ಗುಡುಗಣ್ಣ ಬೇಸರದಿಂದ ತೊಟ್ಟಿಯಿಂದ ತೊಟ್ಟಿಗೆ ಸರಿಯುತ್ತ ಮೂಲೆಯ ತೊಟ್ಟಿಯ ಮುಂದೆ ಬಂದ.

ಅಲ್ಲಿಗೆ ಅವನ ಕಾಲು ನಿಂತುಹೋಯಿತು.

ಬೆರಳಿನ ಎರಡು ಗೆಣ್ಣಿನಷ್ಟೂ ಇಲ್ಲದ ಪುಟಾಣಿ ಮೀನುಗಳು. ಕಣ್ಣಿನಿಂದ ಹೊರಟು ಬೆನ್ನಿನುದ್ದಕ್ಕೂ ಒಂದು ನೀಲಿ ಗೆರೆ, ಯಾರೋ ಒಳಗೆ ದೀಪ ಹಚ್ಚಿಟ್ಟ ಹಾಗೆ. ಅದರಡಿ ಬಾಲದ ಕಡೆ ಕೆಂಪು. ಇಡೀ ಗುಂಪು ಎಡಕ್ಕೆ ಹೋಗುತ್ತಿತ್ತು. ಯಾವುದೂ ಹೇಳಲಿಲ್ಲ, ಯಾವುದೂ ಕೇಳಲಿಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲವೂ ಬಲಕ್ಕೆ ತಿರುಗಿದವು! ನೀಲಿ ಗೆರೆಗಳೆಲ್ಲ ಒಟ್ಟಿಗೆ ಆರಿ ಒಟ್ಟಿಗೆ ಹೊತ್ತಿಕೊಂಡವು. ಲಾರಿಗಟ್ಟಲೆ ಮೀನು ಮಾರಿದವನು ಗುಡುಗಣ್ಣ. ಅವನು ಕಂಡ ಮೀನೆಲ್ಲ ಐಸಿನ ಮೇಲೆ ಒಂದೇ ಮಗ್ಗುಲಿಗೆ ಮಲಗಿದ್ದವು. ಮೀನು ತಿರುಗುವುದನ್ನು ಅವನು ಕಣ್ಣಿಟ್ಟು ನೋಡಿದ್ದು ಅದೇ ಮೊದಲು.

ಮಗಳ ತೋಳು ಹಿಡಿದು ಜಗ್ಗಿ ತಂದ. ತೊಟ್ಟಿ ತೋರಿಸಿದ, ಎದೆ ತೋರಿಸಿಕೊಂಡ, ಮನೆಯ ದಿಕ್ಕು ತೋರಿಸಿದ. ಮತ್ತೊಮ್ಮೆ ತೊಟ್ಟಿ, ಎದೆ, ಮನೆ.

"ಇವತ್ತೇ ಬೇಕಂತೆ" ಅಂದಳು ಮಗಳು.

"ನಿಯಾನ್ ಟೆಟ್ರಾ ಅಂತ ಇವು. ಇವತ್ತು ಕೊಡಲ್ಲ" ಅಂದಳು ಬೂಟಿನಕ್ಕ, ಕೈ ಒರೆಸಿಕೊಳ್ಳುತ್ತ. "ಇವತ್ತು ಬರೀ ತೊಟ್ಟಿ ತಗೊಂಡು ಹೋಗಿ. ಮರಳು ಹಾಕಿ, ಗಿಡ ನೆಡಿ, ನೀರು ತುಂಬಿಸಿ ಫಿಲ್ಟರ್ ಓಡಿಸ್ತಾ ಇರಿ. ಮೀನಿನ ಹೊಲಸು ತಿಂದು ನೀರನ್ನ ಹದವಾಗಿಡೋ ಜೀವಾಣುಗಳು ಅದರೊಳಗೆ ಹುಟ್ಟಬೇಕು. ತಿಂಗಳಾದ್ರೂ ಬೇಕು. ಅಲ್ಲೀವರೆಗೆ ನೀರು ನೋಡ್ಕೊಂಡಿರಿ."

ಸರಿ, ಹಜಾರದ ಮೂಲೆಯಲ್ಲಿದ್ದ ಹಳೇ ಹೊಲಿಗೆ ಮೇಜನ್ನು ಖಾಲಿ ಮಾಡಿಸಿ ಗಾಜಿನ ತೊಟ್ಟಿ ಕೂರಿಸಿದ್ದಾಯಿತು. ಬೆಳಿಗ್ಗೆ ಎದ್ದವನೇ ಅದರ ಮುಂದೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದ. ಒಳಗೆ ನೀರು, ನಾಲ್ಕು ಗಿಡ, ಒಂದು ಕೊರಡು. ಎದುರು ಮನೆಯಾಕೆ ಬಂದು ಇಣುಕಿ, "ಮೀನೆಲ್ಲಿ?" ಅಂದಳು.

"ಇನ್ನೂ ಬಂದಿಲ್ಲ" ಅಂದಳು ಹೆಂಡತಿ. "ಸದ್ಯಕ್ಕೆ ನಮ್ಮವರು ನೀರು ಸಾಕ್ತಿದ್ದಾರೆ."

ಬೀದಿಯಲ್ಲಿ ಅದು ಹಬ್ಬಿತು. ಗುಡುಗಣ್ಣ ನೀರು ಸಾಕುತ್ತಿದ್ದಾನೆ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದಾನೆ. ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಬೂಟಿನಕ್ಕ ಕೊಟ್ಟ ಹನಿಮದ್ದಿನಿಂದ ನೀರು ಪರೀಕ್ಷಿಸಿ, ಬಣ್ಣ ಬದಲಾಗುವುದನ್ನು ಪರೀಕ್ಷೆಯ ಫಲಿತಾಂಶ ಕಾಯುವ ಮಕ್ಕಳಂತೆ ಕಾಯುತ್ತಿದ್ದ. ಅಷ್ಟರಲ್ಲಿ ಮಾತಾಡಲು ಅಪ್ಪಣೆಯೂ ಸಿಕ್ಕಿತು. ಹೊರಬಂದದ್ದು ಮರಳಿನ ಮೇಲೆ ಚಪ್ಪಲಿ ಎಳೆದಂಥ ಒಂದು ಸಣ್ಣ, ಗೊರಗೊರ ದನಿ. ಅದನ್ನು ಕೇಳಿ ಅವನೇ ತಿರುಗಿ ನೋಡಿದ, ಮಾತಾಡಿದ್ದು ಯಾರು ಅಂತ. ಹೆಂಡತಿ ಆ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ದಿನಾ ಬೈದುಕೊಂಡಿದ್ದ ಆ ಗುಡುಗು ಇಲ್ಲವಾದರೆ ತನಗೇ ಅಳು ಬರುತ್ತದೆಂದು ಅವಳಿಗೂ ಗೊತ್ತಿರಲಿಲ್ಲ.

ಕೊನೆಗೆ ಮೀನು ಬಂದ ದಿನ! ಒಂದೆರಡು ಸಾಕು ಅಂದಿದ್ದಳು ಹೆಂಡತಿ. ಬೂಟಿನಕ್ಕ ಒಪ್ಪಲಿಲ್ಲ. "ಇವು ಗುಂಪಿನ ಮೀನಮ್ಮಾ. ಒಂದೆರಡೇ ಬಿಟ್ರೆ ಹೆದರಿಕೊಂಡೇ ಸಾಯ್ತವೆ. ಹತ್ತು ಹದಿನೈದಾದ್ರೂ ಇರಲಿ" ಅಂದು ಎರಡು ಚೀಲ ತುಂಬಿ ಕೊಟ್ಟಿದ್ದಳು. ಗುಡುಗಣ್ಣ ಆ ಚೀಲಗಳನ್ನು ಅಂಗಿಯೊಳಗಿಟ್ಟುಕೊಂಡು ಬಸ್ಸಿನಲ್ಲಿ ನಿಂತೇ ಬಂದ, ಕೂತರೆ ಎಲ್ಲಿ ಒತ್ತುತ್ತದೋ ಅಂತ. ಚೀಲ ತೇಲಿಬಿಟ್ಟು, ತೊಟ್ಟಿಯ ನೀರನ್ನು ಲೋಟದಿಂದ ಇಷ್ಟಿಷ್ಟೇ ಬೆರೆಸಿ, ಮೆಲ್ಲಗೆ ಬಲೆಯಲ್ಲಿ ಬಿಟ್ಟ. ಬಿಟ್ಟದ್ದೇ ತಡ, ಎಲ್ಲವೂ ಕೊರಡಿನ ಹಿಂದೆ ಮಾಯ. ಬಗ್ಗಿ ನೋಡಿದರೆ ನೀಲಿ ಇಲ್ಲ, ಕೆಂಪಿಲ್ಲ, ಒಗೆದೊಗೆದು ಬಣ್ಣ ಹೋದ ಬಟ್ಟೆಯ ಹಾಗೆ ಬಿಳಿಚಿಕೊಂಡಿವೆ.

"ಸತ್ವೇನೋ" ಅಂದ ಗುಡುಗಣ್ಣ.

"ಹೊಸ ಮನೆ ಕಣ್ರೀ, ಮೊದಲ ದಿನ ಶಿಶುವಿಹಾರಕ್ಕೆ ಬಂದ ಮಕ್ಕಳು ಹೀಗೇ ಬಾಗಿಲ ಹಿಂದೆ ನಿಂತ್ಕೊಳ್ತಾವೆ" ಅಂದಳು ಹೆಂಡತಿ. "ದೀಪ ಆರಿಸಿ, ಎದುರಿಂದ ಏಳಿ."

ಬೆಳಕು ಹರಿಯುವಾಗ ಅವನು ತುದಿಗಾಲಲ್ಲಿ ಬಂದ. ತೊಟ್ಟಿಯ ನಟ್ಟನಡುವೆ, ಒಂದೊಂದೂ ಹೊತ್ತಿಕೊಂಡು, ಇಡೀ ಗುಂಪು! ಅವನ ಕೈ ತಾನಾಗಿ ಮೇಲೆದ್ದಿತು, ಬಾಯಿ ತಾನಾಗಿ ತೆರೆಯಿತು. ಹಲ್ಲು ಕಚ್ಚಿ ಎರಡನ್ನೂ ಇಳಿಸಿ, ಓಡಿಹೋಗಿ ಹೆಂಡತಿಯ ಹೊದಿಕೆಯನ್ನೇ ಎಳೆದುಹಾಕಿದ.

ಅಲ್ಲಿಂದ ಶುರುವಾಯಿತು ಹುಚ್ಚು. ವಾರಕ್ಕೊಮ್ಮೆ ಸ್ವಲ್ಪ ನೀರು ತೆಗೆದು ಹೊಸ ನೀರು ಹಾಕುವ ದಿನ ಮನೆಗೆ ನೆಂಟರು ಬರುವ ಹಾಗಿರಲಿಲ್ಲ. ಬಾಗಿಲು ದಢಾರನೆ ಹಾಕಿದರೆ ಗುಂಪು ಚೆಲ್ಲಾಪಿಲ್ಲಿಯಾಗುತ್ತದೆಂದು ಬಾಗಿಲಂಚಿಗೆಲ್ಲ ಬಟ್ಟೆ ಅಂಟಿಸಿದ. ಒಣಗಿದ ಬಾದಾಮಿ ಎಲೆ ಹಾಕಿ ನೀರನ್ನು ತಿಳಿ ಚಹಾದ ಬಣ್ಣಕ್ಕೆ ತಂದ. ಆ ಮಬ್ಬಿನಲ್ಲಿ ನೀಲಿ ಇನ್ನೂ ಉರಿಯಿತು. ಮೇವು ಒಂದು ಚಿಟಿಕೆ ಮಾತ್ರ. ಅವನಿಗೆ ಗೊತ್ತಾಗದಂತೆ ಹೆಂಡತಿ ಇನ್ನೊಂದು ಚಿಟಿಕೆ ಹಾಕಿ ಸಿಕ್ಕಿಬಿದ್ದಳು.

"ಅವು ನನ್ ಮುಖ ನೋಡಿದ್ವು ಕಣ್ರೀ."

"ಅವು ಎಲ್ಲರ ಮುಖಾನೂ ನೋಡ್ತಾವೆ. ಹೊಟ್ಟೆ ಕೆಟ್ರೆ ನೋಡೋರು ಯಾರು?"

ಒಂದು ದಿನ ಅವನ ಕಣ್ಣಿಗೆ ಒಂದು ಮೀನಿನ ಹೊಟ್ಟೆ ಉಬ್ಬಿ ನೀಲಿ ಗೆರೆ ನಡುವೆ ಬಾಗಿದಂತೆ ಕಂಡಿತು. ಮೀನಿನ ಹೊಟ್ಟೆ ನೋಡಿ ಒಳಗೆ ಮೊಟ್ಟೆಯಿದೆಯೋ ಇಲ್ಲವೋ ಹೇಳುವುದು ಕಟ್ಟೆಯಲ್ಲಿ ಅವನಿಗೆ ನೀರು ಕುಡಿದಷ್ಟು ಸುಲಭ. ಆದರೂ ಅಲ್ಲಿ ಮೊಳದುದ್ದದ ಮೀನು, ಇಲ್ಲಿ ಹುಣಸೆ ಬೀಜದಷ್ಟು ಹೊಟ್ಟೆ. ಬೂಟಿನಕ್ಕನ ಅಂಗಡಿಗೆ ಒಂದೇ ಉಸಿರಿನಲ್ಲಿ ಹೋದ.

"ಹೌದು, ಹೆಣ್ಣೇ. ತುಂಬಿದೆ" ಅಂದಳು ಅವಳು, ಅವನ ವರ್ಣನೆ ಕೇಳಿ. "ಆದ್ರೆ ಮನೇಲಿ ನಿಯಾನ್ ಮರಿ ಮಾಡಿಸೋದು ಸುಲಭ ಅಲ್ಲ ಕಣಣ್ಣ. ನಾನೇ ಎಷ್ಟೋ ಸಲ ಸೋತಿದ್ದೀನಿ. ಬೇರೆ ತೊಟ್ಟಿ ಬೇಕು, ಮಳೆನೀರಿನಂಥ ಮೆದು ನೀರು ಬೇಕು, ಮೊಟ್ಟೆ ಇಟ್ಟ ಕೂಡಲೇ ಅಪ್ಪ ಅಮ್ಮನ್ನ ತೆಗೀಬೇಕು, ಇಲ್ಲಾಂದ್ರೆ ತಾವೇ ತಿಂದುಬಿಡ್ತಾವೆ. ಎಲ್ಲಕ್ಕಿಂತ ಹೆಚ್ಚಾಗಿ ಕತ್ತಲೆ. ಬೆಳಕು ಬಿದ್ರೆ ಮೊಟ್ಟೆ ಹಾಳು."

ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು! ತಾರಸಿಯಲ್ಲಿ ಪಾತ್ರೆ ಇಟ್ಟು ಮಳೆನೀರು ಹಿಡಿದ. ಹೆಂಡತಿಯ ಹಳೇ ಸೊಳ್ಳೆಪರದೆ ಕತ್ತರಿಸಿ ಸಣ್ಣ ತೊಟ್ಟಿಯ ತಳಕ್ಕೆ ಹಾಸಿದ, ಮೊಟ್ಟೆಗಳು ಪರದೆಯ ತೂತುಗಳಿಂದ ಕೆಳಗೆ ಜಾರಿ ಬಚಾವಾಗಲೆಂದು. ಜೋಡಿಯೊಂದನ್ನು ಬಿಟ್ಟು ಕಪ್ಪು ಬಟ್ಟೆ ಮುಚ್ಚಿದ. ಎರಡನೇ ಬೆಳಿಗ್ಗೆ ಪರದೆಯಡಿ ಗಾಜಿನ ಹುಡಿಯಂಥ ಮೊಟ್ಟೆಗಳು! ಜೋಡಿಯನ್ನು ಹಿಂದಕ್ಕೆ ಸಾಗಿಸಿದ. ಇನ್ನು ಸುಮ್ಮನಿರಬೇಕು. ಸುಮ್ಮನಿರಲು ಆಗಬೇಕಲ್ಲ? ಬಟ್ಟೆಯ ಮೂಲೆ ಎತ್ತಿ ಟಾರ್ಚು ಬಿಟ್ಟ. ಊಟ ಮಾಡಿ ಬಂದು ಮತ್ತೆ ಬಿಟ್ಟ. ಹಲ್ಲುಜ್ಜುತ್ತ ಬಂದು ಮತ್ತೊಮ್ಮೆ. ಮಾರನೆಯ ದಿನ ಮೊಟ್ಟೆಗಳೆಲ್ಲ ಹಾಲಿನ ಹನಿಯಂತೆ ಬೆಳ್ಳಗಾಗಿ ಬೂಸಲು ಹಿಡಿದಿದ್ದವು.

ಆ ದಿನ ಅವನು ಊಟ ಮಾಡಲಿಲ್ಲ. "ನನ್ ಕಣ್ಣೇ ತಿಂದುಬಿಡ್ತು ಅವನ್ನ" ಅಂದ. ಮಗಳು ಬಂದು ಪಕ್ಕ ಕೂತು ಹೇಳಿದಳು: "ಇನ್ನೊಂದು ಸಲ ಮಾಡೋಣಪ್ಪ. ಈ ಸಲ ಟಾರ್ಚು ನನ್ ಬ್ಯಾಗಲ್ಲಿ ಇರುತ್ತೆ."

ಎರಡನೇ ಸಲ ಮೊಟ್ಟೆ ಬಿದ್ದಾಗ ಹೆಂಡತಿ ಕಪ್ಪು ಬಟ್ಟೆಯ ಅಂಚುಗಳನ್ನು ಹೊಲಿದೇಬಿಟ್ಟಳು. ಕಾಯುವುದು ಅಂದರೆ ಏನೆಂದು ಗುಡುಗಣ್ಣನಿಗೆ ಆಗ ಗೊತ್ತಾಯಿತು. ಮರಿ ಮೊಟ್ಟೆಯೊಡೆದು, ಹುಟ್ಟಿನಿಂದಲೇ ಮೈಗಂಟಿದ ಚೀಲದ ಆಹಾರ ಮುಗಿದು, ತಾನಾಗಿ ಈಜುವವರೆಗೆ ಒಂದು ವಾರ ಹತ್ತಿರ ಬೇಕು. ಬಟ್ಟೆ ಮುಟ್ಟುತ್ತಿದ್ದ, ಕೈ ಹಿಂದೆ ತೆಗೆಯುತ್ತಿದ್ದ. ತಾರಸಿ ಹತ್ತಿ ಇಳಿಯುತ್ತಿದ್ದ. ಮರಿಗಳಿಗೆ ಮೇವಾಗಲೆಂದು ಬಿಸಿಲಿಗಿಟ್ಟ ಪಾಚಿನೀರಿನ ಸೀಸೆಯನ್ನು ದಿನಾ ಎತ್ತಿ ಎತ್ತಿ ನೋಡುತ್ತಿದ್ದ.

ಬಟ್ಟೆ ಬಿಚ್ಚಬೇಕಾಗಿದ್ದ ಸಂಜೆಯೇ ಬಂದರಿನಿಂದ ಜನ ಬಂದರು. ಹರಾಜುಕಟ್ಟೆಯ ಯಜಮಾನರು, ಜೊತೆಗೆ ಐಸ್ ಹೊಡೆಯುವವನು. ಬಂದರಿನವರ ಮಾತು ಅಂದರೆ ಗೊತ್ತಲ್ಲ, ಎದುರಿಗಿದ್ದವನೂ ಆಚೆ ದೋಣಿಯಲ್ಲಿದ್ದಾನೆ ಅನ್ನುವ ಹಾಗೆ.

"ಏನಪ್ಪಾ ಗುಡುಗಣ್ಣಾ! ಹೇಗಿದ್ದೀಯಾ!" ಅಂದರು ಯಜಮಾನರು. ದೊಡ್ಡ ತೊಟ್ಟಿಯ ಗುಂಪು ಒಮ್ಮೆಲೇ ಮೂಲೆಗೆ ಹಾರಿತು.

"ಶ್! ಮೆಲ್ಲಗೆ!" ಅಂದ ಗುಡುಗಣ್ಣ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುಡುಗಣ್ಣನ ಬಾಯಲ್ಲಿ ಇದೇ ಮಾತು ಕೇಳಲು ಊರಿಡೀ ಕಾದಿತ್ತು. ಐಸಿನವನು ಕಪ್ಪು ಬಟ್ಟೆಯ ಕಡೆ ಕತ್ತು ಚಾಚಿ, ಆದಷ್ಟು ತಗ್ಗಿಸಿದ ದನಿಯಲ್ಲಿ ಕೇಳಿದ: "ಯಾರು ಹೋಗ್ಬಿಟ್ರು?"

"ಯಾರೂ ಹೋಗಿಲ್ಲ. ಬರ್ತಿದ್ದಾರೆ" ಅಂದಳು ಹೆಂಡತಿ.

ಯಜಮಾನರು ಕುರ್ಚಿಯ ತುದಿಯಲ್ಲಿ ಕೂತು ಬಂದ ವಿಷಯ ಹೇಳಿದರು. ಅವನಿಲ್ಲದೆ ಹರಾಜು ಸೊರಗಿದೆ. ಬದಲಿಗೆ ಕೂಗುವವನಿಗೆ ಮೀನಿನ ಗುರುತೇ ಸರಿಯಿಲ್ಲ, ನಿನ್ನೆಯದನ್ನು ಇವತ್ತಿನದು ಅನ್ನುತ್ತಾನೆ. ಕಟ್ಟೆಗೆ ಮೈಕು ಹಾಕಿಸಿದ್ದೇವೆ. "ನೀನು ಬಂದು ಉಸಿರು ಬಿಟ್ರೂ ಸಾಕು, ಅದು ಕೂಗುತ್ತೆ. ಡಾಕ್ಟರನ್ನೂ ಕೇಳಿಯಾಯ್ತು, ಅಡ್ಡಿಯಿಲ್ಲ ಅಂದ್ರು. ಏನಂತೀಯಾ?"

ತಿಂಗಳುಗಟ್ಟಲೆ ಕೇಳಬೇಕೆಂದು ಹಂಬಲಿಸಿದ ಮಾತು ಅದು. ಆದರೆ ಗುಡುಗಣ್ಣನ ಕಣ್ಣು ಹೋದದ್ದು ಗಡಿಯಾರದ ಕಡೆಗೆ. ಮಗಳು ಕೆಲಸದಿಂದ ಬರುವ ಹೊತ್ತು. "ಬರ್ತೀನಿ ಯಜಮಾನ್ರೇ, ಖಂಡಿತ ಬರ್ತೀನಿ. ಈಗ ಒಂದು ಸ್ವಲ್ಪ ಸುಮ್ನಿರಿ, ದಮ್ಮಯ್ಯ" ಅಂದ.

ಮಗಳು ಬಂದಳು. ಅಂಗಡಿಯಿಂದ ದೊಡ್ಡ ಭೂತಗನ್ನಡಿ ತಂದಿದ್ದಳು. ಹೆಂಡತಿ ಹೊಲಿಗೆ ಬಿಚ್ಚಿದಳು. ಕಿಟಕಿಯ ಪರದೆ ಎಳೆದು ಮಬ್ಬು ಮಾಡಿದರು. ಬಟ್ಟೆ ಸರಿಯಿತು. ಐವರೂ ಉಸಿರು ಬಿಗಿಹಿಡಿದು ಬಗ್ಗಿದರು, ಯಜಮಾನರ ಹೊಟ್ಟೆ ಮೇಜಿಗೆ ತಾಗದಂತೆ ಐಸಿನವನು ಹಿಂದಿನಿಂದ ಅವರ ಅಂಗಿ ಹಿಡಿದುಕೊಂಡ.

ನೀರು. ಬರೀ ನೀರು.

ಗುಡುಗಣ್ಣ ಭೂತಗನ್ನಡಿಯನ್ನು ಎಡದಿಂದ ಬಲಕ್ಕೆ ಆಡಿಸಿದ. ಏನಿಲ್ಲ. ಮೇಲಿಂದ ಕೆಳಕ್ಕೆ. ಏನಿಲ್ಲ. "ಇನ್ನೊಂದು ಸಲ ಮಾಡೋಣ..." ಅನ್ನುತ್ತ ಮಗಳು ಅವನ ಹೆಗಲ ಮೇಲೆ ಕೈಯಿಟ್ಟಳು. ಅವನು ಕನ್ನಡಿ ಕೆಳಗಿಟ್ಟ. ಐಸಿನವನು ಅದನ್ನೆತ್ತಿಕೊಂಡು, ಗಾಜಿನ ಮೂಲೆಗೆ ಮೂಗು ಒತ್ತಿ, ಒಂದು ಕಣ್ಣು ಮುಚ್ಚಿ ನೋಡಿದ.

"ಇದೆ! ಇಲ್ಲೊಂದಿದೆ! ಅಯ್ಯಯ್ಯೋ ಕಣ್ಣಿದೆ ಅದಕ್ಕೆ!"

"ಮೆಲ್ಲಗೆ!" ಅಂದರು ನಾಲ್ವರೂ, ಅವನಿಗಿಂತ ಜೋರಾಗಿ.

ಇತ್ತು. ಎರಡು ಕಣ್ಣು, ಹಿಂದೆ ಒಂದು ಎಳೆ ರೆಪ್ಪೆಕೂದಲು, ಅಷ್ಟೇ ಮೀನು. ಒಂದು ಕಂಡ ಮೇಲೆ ಕಣ್ಣಿಗೆ ದಾರಿ ಸಿಕ್ಕಿತು. ಅಲ್ಲೊಂದು, ಗಿಡದ ಕೆಳಗೊಂದು, ಗಾಜಿಗೆ ಅಂಟಿದಂತೆ ಮೂರು, ಅದರಾಚೆ ಒಂದು ಹಿಂಡು! "ಇಲ್ನೋಡಿ, ಇಲ್ನೋಡಿ" ಅಂತ ಯಜಮಾನರು ಸಣ್ಣ ಮಗುವಿನಂತೆ ಬೆರಳಿಟ್ಟು ತೋರಿಸತೊಡಗಿದರು. ಭೂತಗನ್ನಡಿಗಾಗಿ ಇಬ್ಬರು ಗಂಡಸರು ಕಿತ್ತಾಡಿದರು. ಗುಡುಗಣ್ಣ ಮಾತ್ರ ನೆಲದ ಮೇಲೆ ಕೂತುಬಿಟ್ಟಿದ್ದ. ನಗುತ್ತಿದ್ದ, ಕೆನ್ನೆ ಒದ್ದೆಯಾಗಿತ್ತು, ಒಂದು ಕೈ ಮೇಲೆತ್ತಿ ಬೆರಳು ಮಡಚುತ್ತ ಬಿಚ್ಚುತ್ತ ಯಾವ ಹರಾಜಿಗೂ ಸೇರದ ಏನೋ ಸನ್ನೆ ಮಾಡುತ್ತಿದ್ದ. ಹೆಂಡತಿ ಈ ಸಲ ಅದರ ಅರ್ಥ ಕೇಳಲಿಲ್ಲ.

ಎಲ್ಲವೂ ಉಳಿಯಲಿಲ್ಲ. ಪಾಚಿನೀರಿನ ಹನಿ ಒಂದು ದಿನ ಹೆಚ್ಚಾಗಿ ಕೆಲವು ಹೋದವು, ಕಾರಣವೇ ತಿಳಿಯದೆ ಇನ್ನೂ ಕೆಲವು ಹೋದವು. ಉಳಿದವು ಬೆಳೆದವು. ಗುಡುಗಣ್ಣ ಬಂದರಿಗೆ ಮರಳಿದ. ಮೊದಲ ದಿನ ಮೈಕಿನಲ್ಲಿ ಆ ಗೊರಗೊರ ದನಿ ಕೇಳಿ ಕೊಳ್ಳುವವರು ನಕ್ಕರು, ಒಬ್ಬ "ರೇಡಿಯೋ ಕೆಟ್ಟಿದೆ" ಅಂದ. ಗುಡುಗಣ್ಣನಿಗೆ ಅವಮಾನವಾಗಿ ಮುಖ ಕೆಂಪಾಯಿತು. ಆದರೂ ಮೈಕು ಬಿಡಲಿಲ್ಲ. ಹಳೇ ಗಂಟಲಿನ ಸುಖ ಅದರಲ್ಲಿ ಇಲ್ಲ ಅಂತ ಅವನು ಒಪ್ಪಿಕೊಳ್ಳುತ್ತಿದ್ದ. ಆದರೆ ಕೆಲಸ ನಡೆಯಿತು, ಜನಕ್ಕೂ ಕಿವಿ ಹೊಂದಿಕೊಂಡಿತು. ಹರಾಜು ಮುಗಿದ ಮೇಲೆ ಮೊದಲಿನ ಹಾಗೆ ಕಟ್ಟೆಯ ಮೇಲೆ ಹರಟುತ್ತ ಕೂರುತ್ತಿರಲಿಲ್ಲ. ಚಪ್ಪಲಿ ಮೆಟ್ಟಿ ಮನೆಗೆ ಓಟ.

ಒಂದು ಮಧ್ಯಾಹ್ನ ಹಾಗೇ ಓಡಿಬಂದು ಮೈ ತೊಳೆಯುವ ಮುಂಚೆಯೇ ಸಣ್ಣ ತೊಟ್ಟಿಗೆ ಬಗ್ಗಿದ. ಗಾಜಿನಂತೆ ಪಾರದರ್ಶಕವಾಗಿದ್ದ ಮರಿಯೊಂದು ಬಿಸಿಲಿನ ಕೋಲಿಗೆ ಅಡ್ಡ ಬಂದಿತು. ಅದರ ಬೆನ್ನಲ್ಲಿ ಸೂಜಿಯಿಂದ ಎಳೆದಷ್ಟು ಸಣ್ಣ ನೀಲಿ. ಹೆಂಡತಿ ಶಿಶುವಿಹಾರದಲ್ಲಿದ್ದಳು. ತಡೆದುಕೊಳ್ಳಲಾಗದೆ ಅಲ್ಲಿಗೇ ಹೋದ. ಮಕ್ಕಳೆಲ್ಲ ಮಲಗಿದ್ದವು. ಕಿಟಕಿಯಾಚೆ ನಿಂತು, ಬಂದರಿನ ವಾಸನೆಯ ಅಂಗಿಯಲ್ಲೇ, ಆ ಗಂಟಲಲ್ಲಿ ಎಷ್ಟು ಸಾಧ್ಯವೋ ಅಷ್ಟು ಮೆಲ್ಲಗೆ, "ಏ, ನೀಲಿ ಬಂತು ಕಣೇ!" ಅಂದ. ಒಂದು ಮಗುವೂ ಎಚ್ಚರಾಗಲಿಲ್ಲ. ಅವಳು ಮಾತ್ರ ಎದ್ದು ಓಡಿಬಂದಳು.

ಮರಿಗಳು ದೊಡ್ಡ ಮೀನುಗಳ ಬಾಯಿಗೆ ಸಿಗದಷ್ಟು ಬೆಳೆದ ಮೇಲೆ ಒಂದು ರಜೆಯ ದಿನ ಅವನ್ನು ದೊಡ್ಡ ತೊಟ್ಟಿಗೆ ಬಿಟ್ಟರು. ಬೂಟಿನಕ್ಕ ಅಂಗಡಿ ಮುಚ್ಚಿ, ಬೂಟು ಬಾಗಿಲಲ್ಲಿ ಬಿಟ್ಟು, ಬರಿಗಾಲಲ್ಲಿ ಬಂದಿದ್ದಳು. ಮರಿಗಳು ಮೊದಲು ತಮ್ಮಷ್ಟಕ್ಕೆ ಒಂದು ಮುದ್ದೆಯಾಗಿ ಗಿಡಕ್ಕೆ ಅಂಟಿಕೊಂಡವು. ದೊಡ್ಡವು ಒಂದು ಸುತ್ತು ಹಾಕಿ ಬಂದವು, ಇನ್ನೊಂದು ಸುತ್ತು. ಮೂರನೇ ಸುತ್ತಿಗೆ ಒಂದು ಪುಟಾಣಿ ಗಿಡ ಬಿಟ್ಟು ಹಿಂಬಾಲಿಸಿತು, ಅದರ ಹಿಂದೆ ಉಳಿದವು ಪುತಪುತನೆ ಹೊರಟವು. ತೊಟ್ಟಿಯ ಕೊನೆ ಮುಟ್ಟಿ ಗುಂಪು ತಿರುಗಿತು, ದೊಡ್ಡವೂ ಚಿಕ್ಕವೂ ಒಂದೇ ಸಲಕ್ಕೆ.

"ಒಳ್ಳೇ ಕೈ ಕಣಣ್ಣ ನಿಂದು" ಅಂದಳು ಬೂಟಿನಕ್ಕ.

ಗುಡುಗಣ್ಣ ಮೊಣಕೈವರೆಗೂ ಒದ್ದೆಯಾದ ತೋಳನ್ನು ಒರೆಸಿಕೊಳ್ಳುವುದನ್ನೂ ಮರೆತು, ಹೆಂಡತಿಗೆ ಜಾಗ ಬಿಟ್ಟು ಕುರ್ಚಿಯ ಒಂದಂಚಿಗೆ ಸರಿದು ಕೂತ.